ಕುಷ್ಟಗಿಯಲ್ಲಿ ಕಳವು ಯಾಕೆ ಕಡಿಮೆ

ಕುಷ್ಟಗಿಗೆ ಬಂದಿಳಿದ ಸಂಜೆ ನಾನು ಮೊದಲು ಕಂಡದ್ದು ನೆಲದಿಂದ ಎದ್ದು ಬಂದ ಒಂದು ತಲೆ. ಬೀದಿಯ ನಟ್ಟನಡುವೆ ಒಂದು ತೂತು, ಅದರೊಳಗಿಂದ ಧೂಳು ಮೆತ್ತಿದ ಬೋಳು ತಲೆ, ಆಮೇಲೆ ಎರಡು ಕೈ, ಆಮೇಲೆ ಇಡೀ ಒಬ್ಬ ಮನುಷ್ಯ! ಗಾಡಿಯಲ್ಲಿ ಕೂತಿದ್ದವಳು ಕಿಟಾರನೆ ಕಿರುಚಿಕೊಂಡೆ. ಸುತ್ತ ನಿಂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆದರಬ್ಯಾಡ್ರಿ, ಹಗೇವು ತಗದಾರ, ಜ್ವಾಳ ತಗೀಲಾಕ ಇಳಿದಾನ," ಎಂದಳು ಒಬ್ಬ ಹಿರಿಯಳು.

ಹಗೇವು ಎಂದರೆ ನೆಲದೊಳಗಿನ ಕಣಜ. ಮೈಸೂರಿನ ನನ್ನ ಬಂಧುಗಳೇ, ನೀವು ನಂಬಲಿಕ್ಕಿಲ್ಲ. ಇಲ್ಲಿಯವರು ವರ್ಷದ ಜೋಳವನ್ನು ಮನೆಯೊಳಗಲ್ಲ, ಮನೆಯ ಮುಂದೆ, ಹಾದುಹೋಗುವವರ ಕಾಲಡಿಯಲ್ಲಿ ಹುಗಿದಿಡುತ್ತಾರೆ. ಮೇಲೊಂದು ಕಲ್ಲು ಮುಚ್ಚಿ ಮಣ್ಣು ಎಳೆದರೆ ಮುಗಿಯಿತು. ನಮ್ಮ ಮೈಸೂರಿನ ಮನೆಯಲ್ಲಿ ಉಗ್ರಾಣಕ್ಕೊಂದು ಬೀಗ, ಹಿತ್ತಲ ಬಾಗಿಲಿಗೊಂದು ಬೀಗ, ಎರಡರ ಕೀಲಿಯೂ ಅಜ್ಜಿಯ ಸೊಂಟದಲ್ಲಿ. ನಿಜಾಮರ ಸೀಮೆಗೆ ಹೊರಟಾಗ ಅದೇ ಅಜ್ಜಿ, "ಅಲ್ಲಿ ಹಗಲು ದರೋಡೆಯಂತೆ ಕಣೇ, ಒಡವೆ ಮೈಮೇಲೆ ಹಾಕ್ಕೋಬೇಡ," ಎಂದು ಕಣ್ಣೀರು ಹಾಕಿದ್ದಳು.

ಇದು ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನಮ್ಮವರು ರಾಯಚೂರಿನವರು, ಕುಷ್ಟಗಿಯ ಠಾಣೆಯಲ್ಲಿ ಅಮೀನರು. ಠಾಣೆಯ ಮುಖ್ಯಸ್ಥನಿಗೆ ಇಲ್ಲಿ ಅಮೀನ ಎನ್ನುತ್ತಾರೆ. ಮದುವೆಯಾದ ತಪ್ಪಿಗೆ ನಾನೂ ಬಂದೆ. ಮೊದಲ ತಿಂಗಳುಗಳನ್ನು ನೆನೆದರೆ ಈಗಲೂ ಅಯ್ಯೋ ಅನ್ನಿಸುತ್ತದೆ. ಬಾವಿಯ ನೀರು ಸವಳು. ತೆಂಗಿನಕಾಯಿ ಕಣ್ಣಿಗೆ ಬೀಳುವುದು ಪೂಜೆಯ ದಿನ ಮಾತ್ರ. ಅನ್ನವೋ ಹಬ್ಬಕ್ಕೊಮ್ಮೆ. ಗಂಡ ಬೇವೂರು, ಹುಲಿಹೈದರ ಎಂದು ಕುದುರೆಯ ಮೇಲೆ ಹೋಗಿಬಿಟ್ಟರೆ ಮಾತನಾಡಲು ಜನವಿಲ್ಲ. ನಾನು "ಇದಾರಾ?" ಎಂದರೆ ಓಣಿಯವರಿಗೆ ನಗು, ಅವರು "ಅದಾರೇನ್ರಿ?" ಎಂದರೆ ನನಗೆ ಅಳು.

ಆ ಅಳುವನ್ನು ನಿಲ್ಲಿಸಿದವಳು ಪಕ್ಕದ ಮನೆಯ ಶರಣವ್ವ, ಮೊದಲ ಸಂಜೆ ನನಗೆ ಹಗೇವು ತೋರಿಸಿದ ಆ ಹಿರಿಯಳೇ. ನನಗೆ ರೊಟ್ಟಿ ಬಡಿಯಲು ಕಲಿಸಿದಳು, ಹರಿದದ್ದನ್ನೆಲ್ಲ ತನ್ನ ಎಮ್ಮೆಗೆ ಹಾಕಿದಳು. ಕೊನೆಗೊಂದು ದಿನ ನನ್ನ ರೊಟ್ಟಿ ಹೆಂಚಿನ ಮೇಲೆ ಉಬ್ಬಿದಾಗ ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದಳು. "ಬರ್ರೇ, ನಮ್ಮ ಮೈಸೂರವ್ವನ ರೊಟ್ಟಿ ಉಬ್ಬೇತಿ!" ಪುಂಡಿಪಲ್ಲೆ, ಗುರೆಳ್ಳು ಚಟ್ನಿಯ ಜೊತೆ ಆ ರೊಟ್ಟಿ ತಿಂದಾಗ ನಾನು ಗೆದ್ದೆ ಅನ್ನಿಸಿತು.

ವರ್ಷಕ್ಕೊಮ್ಮೆ ರಾಯಚೂರಿನಿಂದ ಅಪರಾಧಗಳ ತಖ್ತೆ ಬರುತ್ತಿತ್ತು. ಇಡೀ ನಿಜಾಮ ರಾಜ್ಯದಲ್ಲಿ ಎಷ್ಟು ಕಳವು, ಯಾವ ತಾಲ್ಲೂಕಿನಲ್ಲಿ ಎಷ್ಟು ಎಂಬ ಪಟ್ಟಿ. ನಮ್ಮವರು ಊಟಕ್ಕೆ ಕೂತು ಅದನ್ನು ಓದಿ ಹೇಳುತ್ತಿದ್ದರು. ರಾಜ್ಯದಲ್ಲೆಲ್ಲ ಕಳವು ಏರುತ್ತಿದೆ, ಕುಷ್ಟಗಿಯಲ್ಲಿ ಇಳಿಯುತ್ತಿದೆ. ಮೈಸೂರಿನಿಂದ ಅಣ್ಣ ಬರೆಯುವ ಪತ್ರದಲ್ಲೂ ಅಲ್ಲಿ ಜೇಬುಗಳ್ಳರು ಹೆಚ್ಚಿದ ಸುದ್ದಿಯೇ. ಹಾಗೆಂದು ಇಲ್ಲಿಯವರು ದೇವರಲ್ಲ ಬಿಡಿ. ಹೊಲದ ಬದುವಿನ ಜಗಳಕ್ಕೆ ತಲೆ ಒಡೆಯುವುದರಲ್ಲಿ ಕುಷ್ಟಗಿಯವರು ಯಾರಿಗೂ ಕಡಿಮೆಯಿಲ್ಲ. ಹೊಡೆದವನೇ ಠಾಣೆಗೆ ಬಂದು "ನಾನೇ ಹೊಡದೀನ್ರಿ, ಬರಕೋರಿ," ಎಂದು ಎದೆ ಸೆಟೆಸಿ ನಿಲ್ಲುತ್ತಿದ್ದ. ಕಳವು ಮಾತ್ರ ಅವರಿಗೆ ನಾಚಿಕೆಯ ವಿಷಯ.

ಆ ಕಡಿಮೆ ಲೆಕ್ಕವೇ ನಮ್ಮವರ ಕುತ್ತಿಗೆಗೆ ಬಂತು. ರಾಯಚೂರಿನಲ್ಲಿದ್ದ ಪೊಲೀಸರ ದೊಡ್ಡ ಸಾಹೇಬರಿಗೆ, ಅಂದರೆ ಮೊಹತಮೀಮರಿಗೆ, ಅನುಮಾನ ಹುಟ್ಟಿತು. ಎಲ್ಲೆಡೆ ಏರುವುದು ಇಲ್ಲಿ ಮಾತ್ರ ಇಳಿಯುವುದೆಂದರೆ ಅಮೀನ ಕಳವನ್ನು ಮುಚ್ಚಿಡುತ್ತಿರಬೇಕು. ತಾವೇ ಬಂದು ನೋಡುವುದಾಗಿ ಹೇಳಿ ಕಳಿಸಿದರು. ಬರೆಯದೆ ಬಿಟ್ಟ ಒಂದು ಕಳವು ಸಿಕ್ಕರೂ ನೌಕರಿಯ ಆಸೆ ಬಿಡಬೇಕಾಗಿತ್ತು.

ಅವರು ಬರಲು ಎರಡು ದಿನ ಇರುವಾಗ ನನ್ನ ಬುಗುಡಿ ಕಳವಾಯಿತು! ಕಿವಿಯ ಮೇಲಂಚಿಗೆ ಹಾಕುವ ಚಿನ್ನದ ಬುಗುಡಿ. ಅಮ್ಮ ತೀರಿಕೊಂಡ ಮೇಲೆ ನನಗೆ ಉಳಿದಿದ್ದ ಅವಳ ಒಡವೆ ಅದೊಂದೇ ಜೊತೆ. ತಲೆಗೆ ನೀರು ಹಾಕಿಕೊಳ್ಳಲು ಬಿಚ್ಚಿ ಬಚ್ಚಲ ಗೂಡಿನಲ್ಲಿ ಇಟ್ಟಿದ್ದೆ. ಕೂದಲು ಒಣಗಿಸಿಕೊಂಡು ಬಂದು ನೋಡಿದರೆ ಜೊತೆಯಲ್ಲಿ ಒಂದು ಮಾಯ. ಅಂದು ಹಿತ್ತಲಿಗೆ ನೀರಿಗೆಂದು, ಬೆಂಕಿಗೆಂದು ಓಣಿಯ ಅರ್ಧ ಜನ ಬಂದು ಹೋಗಿದ್ದರು. ನಾನು ರಂಪ ಮಾಡಿಬಿಟ್ಟೆ. ಮನೆ ಮನೆ ಶೋಧಿಸಿ ಎಂದು ಗಂಡನ ಮೇಲೆ ಹರಿಹಾಯ್ದೆ.

ಅವರ ಮುಖ ಸುಣ್ಣ ಬಳಿದಂತಾಯಿತು. "ಬರಕೊಂಡ್ರ ತನಿಖಿ ಮಾಡಬೇಕು. ಜವಾನರು ಓಣ್ಯಾಗಿನ ಹೆಣ್ಮಕ್ಕಳನ್ನ ಠಾಣೆಕ್ಕ ಎಳಕೊಂಡು ಬರ್ತಾರ. ಬರಕೊಳ್ಳಲಿಲ್ಲಂದ್ರ ಸಾಹೇಬರ ಮುಂದ ನಾ ಸುಳ್ಳ ಆಗ್ತೀನಿ. ನೀನ ಹೇಳು, ಏನ್ ಮಾಡ್ಲಿ?" ಎಂದರು.

ಶರಣವ್ವ ಗೋಡೆಯಾಚೆಯಿಂದಲೇ ಕೇಳಿಸಿಕೊಂಡಿದ್ದಳು. ಒಳಗೆ ಬಂದವಳೇ, "ತಂಗಿ, ಒಂದಿನ ತಡಿ. ಬುಟ್ಟಿ ಹಾಕಸೋಣು," ಎಂದಳು. ಊರ ಗೌಡರಿಗೆ ಹೇಳಿದಳು. ಸಂಜೆ ಓಣಿಯಲ್ಲಿ ಡಂಗುರವಾಯಿತು. "ನಾಳೆ ಹೊತ್ತು ಮೂಡೂದಕ್ಕ ಮನಿಗೊಂದು ಬುಟ್ಟಿ ಮಣ್ಣು ಚಾವಡಿ ಮುಂದ ತಂದು ಸುರೀಬೇಕ್ರಪೋ!" ಯಾರು ಕದ್ದಿದ್ದರೂ ಆ ಮಣ್ಣಿನಲ್ಲಿ ವಸ್ತುವನ್ನು ಹುದುಗಿಸಿ ತರಬಹುದು. ಎಲ್ಲರದೂ ಒಂದೇ ಗುಡ್ಡೆ. ಆಮೇಲೆ ಜರಡಿ ಹಿಡಿದರೆ ವಸ್ತು ಸಿಗುತ್ತದೆ, ಕದ್ದವರ ಹೆಸರು ಸಿಗುವುದಿಲ್ಲ. ಸಿಗಬಾರದೆಂಬುದೇ ಕಟ್ಟಳೆ.

"ನೀನೂ ಒಂದು ಬುಟ್ಟಿ ತರಬೇಕು," ಎಂದಳು ಶರಣವ್ವ.

"ಕಳಕೊಂಡಿರೋಳು ನಾನು! ನಾನ್ಯಾಕೆ ಹೊರಬೇಕು ಅಕ್ಕಾ?"

"ಯಾಕ, ನೀ ನಮ್ಮ ಓಣ್ಯಾಕಿ ಅಲ್ಲೇನು?"

ನಾನೂ ಹೊತ್ತೆ. ಗೌಡರ ಹೆಂಡತಿ ಹೊತ್ತಳು. ಬೇರೆ ದಿನಗಳಲ್ಲಿ ಚಾವಡಿಯ ಕಟ್ಟೆ ಹತ್ತಲಾಗದವರ ಬುಟ್ಟಿಯೂ ಅದೇ ಗುಡ್ಡೆಗೆ ಬಿತ್ತು. ಶರಣವ್ವ ಜರಡಿ ಹಿಡಿದಳು. ಸ್ವಲ್ಪ ಹೊತ್ತಿಗೆ ಬುಗುಡಿ ಮಿಣಕ್ಕನೆ ಹೊಳೆಯಿತು. "ಸಿಕ್ತು, ಸಿಕ್ತು!" ಎಂದು ಎಲ್ಲರೂ ಕೂಗಿದರು. ಒಬ್ಬಳು ಮಾತ್ರ ಕೂಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು ಹಿಂದಕ್ಕೆ ಸರಿದಳು. ನನಗೆ ತಿಳಿದುಹೋಯಿತು. ಶರಣವ್ವ ನನ್ನ ಗಲ್ಲ ಹಿಡಿದು ಈ ಕಡೆ ತಿರುಗಿಸಿದಳು. "ಆ ಕಡಿ ನೋಡಬ್ಯಾಡ. ನಿನ್ನ ಬುಗುಡಿ ನೋಡು."

ಮರುದಿನ ಮೊಹತಮೀಮ್ ಸಾಹೇಬರು ಬಂದರು. ಚಾವಡಿಯ ಮುಂದಿನ ಮಣ್ಣಿನ ಗುಡ್ಡೆ ಏನೆಂದು ಕೇಳಿದರು. ಮನೆ ಕಟ್ಟಲು ತಂದದ್ದು ಎನ್ನಬಹುದಿತ್ತು. ನಮ್ಮವರು ಇದ್ದದ್ದನ್ನು ಇದ್ದಂತೆ ಹೇಳಿದರು. ಸಾಹೇಬರು ನನ್ನನ್ನು ಕರೆಸಿದರು. ವಯಸ್ಸಾದ ಮನುಷ್ಯ, ಒರಟೇನಲ್ಲ. ತಮಗೆ ಬಂದಷ್ಟು ಕನ್ನಡದಲ್ಲಿ, "ನಿಮ್ಮ ಶಕ್ ಯಾರ ಮ್ಯಾಲ ಐತಿ, ಬೇಟಿ? ಒಂದು ಹೆಸರು ಹೇಳ್ರಿ. ಅಮೀನರು ಕಳ್ಳರನ್ನ ಹಿಡದಾರ ಅಂತ ನಾನ ಬರೀತೀನಿ. ನೌಕರಿಗೆ ಛಲೋ ಆಗ್ತದ," ಎಂದರು.

ಆ ಕ್ಷಣ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಗಂಡನ ಮುಖ ನೋಡಿದೆ, ಅವರು ನೆಲ ನೋಡುತ್ತಿದ್ದರು. ಬಾಗಿಲಾಚೆ ಓಣಿಯ ಹೆಂಗಸರೆಲ್ಲ ನಿಂತಿದ್ದರು, ಆಕೆಯೂ ಕಂಕುಳಲ್ಲಿ ಕೂಸು ಎತ್ತಿಕೊಂಡು ನಿಂತಿದ್ದಳು. ಸೋಜಿಗವೆಂದರೆ, ಓಡಿಹೋಗಿರಲಿಲ್ಲ.

"ಯಾರ ಮೇಲೂ ಇಲ್ಲ ಸಾಹೇಬರೇ. ಬುಗುಡಿ ಹೋಗಿತ್ತು, ಬಂತು. ನನ್ನ ಫಿರ್ಯಾದಿ ಇಲ್ಲ," ಎಂದೆ.

"ಇಡೀ ರಾಜ್ಯದಾಗ ಕಳವು ಹೆಚ್ಚಾಗೇದ. ಇಲ್ಲಿ ಯಾಕ ಕಮ್ಮಿ ಅಂತ ಕೇಳಿದ್ರ ನಾ ಹೈದರಾಬಾದಿಗೆ ಈ ಮಣ್ಣಿನ ಗುಡ್ಡಿ ಕಳಸಲೇನು?" ಎಂದು ನಿಟ್ಟುಸಿರುಬಿಟ್ಟರು. ಅವರ ಪ್ರಶ್ನೆಯೂ ನ್ಯಾಯವೇ. ತಖ್ತೆಯಲ್ಲಿ ಕದ್ದದ್ದಕ್ಕೆ ಒಂದು ಕಾಲಮ್ಮು, ಹಿಡಿದದ್ದಕ್ಕೆ ಒಂದು ಕಾಲಮ್ಮು. ಕದ್ದವರು ತಾವೇ ತಂದಿಟ್ಟದ್ದಕ್ಕೆ ಕಾಲಮ್ಮಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕದ್ದವಳನ್ನು ಜೈಲಿಗೆ ಕಳಿಸದೆ ಮತ್ತೆ ಓಣಿಯವಳನ್ನಾಗಿಯೇ ಉಳಿಸಿಕೊಳ್ಳುವ ಜಾಣತನವನ್ನು ನಾನು ಮೈಸೂರಿನ ದೊಡ್ಡ ದೊಡ್ಡವರಲ್ಲೂ ಕಂಡಿಲ್ಲ.

ನೌಕರಿ ಉಳಿಯಿತು, ಊರು ಉಳಿಯಲಿಲ್ಲ. ಕಳವನ್ನು ಬರೆದುಕೊಳ್ಳದ ತಪ್ಪಿಗೆ ಅಮೀನಗಿರಿಯಿಂದ ಇಳಿಸಿ ಬೀದರಿನ ಕಡೆಗೆ ಬದ್ಲಿ, ಅಂದರೆ ವರ್ಗ, ಮಾಡಿದರು. ಗಾಡಿ ಹೊರಡುವಾಗ, ಬಂದ ಹೊಸತರಲ್ಲಿ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಹೆಸರು ಹೇಳಿದ್ದರೆ ಇನ್ನೂ ಅಲ್ಲೇ ಇರುತ್ತಿದ್ದೆವು. ಆದರೆ ಆ ಓಣಿಯಲ್ಲಿ ತಲೆಯೆತ್ತಿ ಇರುತ್ತಿರಲಿಲ್ಲ.

ಬೀದರಿಗೆ ಹೋಗುವ ಮುಂಚೆ ಕೆಲವು ದಿನಕ್ಕೆಂದು ಮೈಸೂರಿನ ತವರಿಗೆ ಹೋದೆ. ಊಟಕ್ಕೆ ಕೂತಾಗ ಅಣ್ಣ ಎಲ್ಲವನ್ನೂ ಕೇಳಿ ತಿಳಿದುಕೊಂಡ. "ಗಂಡನ ಕೆಲಸಕ್ಕೇ ಕುತ್ತು ಬಂತಲ್ಲೇ! ಕೊನೆಗೆ ಕದ್ದೋಳು ಯಾರು? ನನಗಾದ್ರೂ ಹೇಳು."

"ನಮ್ಮೂರಾಗ ಅದನ್ನ ಕೇಳಂಗಿಲ್ಲಣ್ಣ," ಎಂದೆ.

ಬಡಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು. ಅಣ್ಣ ನನ್ನ ಮುಖವನ್ನೇ ನೋಡಿದ. "ಇದಲ್ವೇನೇ ನಿಮ್ಮೂರು?" ಎಂದ. ಅವನು ತಮಾಷೆಗೆ ಕೇಳಿರಲಿಲ್ಲ, ಅವನಿಗೆ ನಿಜವಾಗಿಯೂ ನೋವಾಗಿತ್ತು. ಇದೂ ಹೌದು ಎನ್ನಬೇಕೆಂದುಕೊಂಡೆ. ಆದರೆ ತಲೆ ತಗ್ಗಿಸಿ ಎಲೆಯ ಮೇಲಿನ ಅನ್ನ ಕಲಸಿದೆ.