ಬಾಯ್ಲರೂ ಇಡ್ಲಿ ಹಿಟ್ಟೂ

ಸೌದಿಯಲ್ಲಿ ಚಳಿಗೆ ಹಲ್ಲು ಕಟಕಟ ಎಂದಿತು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅದಕ್ಕಿಂತ ನಂಬಲಾಗದ ಸಂಗತಿ ಇನ್ನೊಂದಿದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಜುಬೈಲಿನ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮೂರು ಮಾಳಿಗೆ ಎತ್ತರದ ಬಾಯ್ಲರುಗಳನ್ನು ಪಳಗಿಸಿದ ನನ್ನನ್ನು, ತಬೂಕಿನ ಬಾಡಿಗೆ ಮನೆಯ ಹಿತ್ತಲಲ್ಲಿ ಕೂತ ವಾಷಿಂಗ್ ಮಷಿನ್ ಗಾತ್ರದ ಬಾಯ್ಲರೊಂದು ಎರಡು ದಿನ ಮಂಗ ಮಾಡಿತು.

ತಬೂಕು ಸೌದಿಯ ಉತ್ತರದಲ್ಲಿದೆ, ಅಲ್ಲಿನ ಜನವರಿ ಅಂದರೆ ತಮಾಷೆಯಲ್ಲ ಮಾರಾಯ್ರೆ. ಆ ಡೀಸೆಲ್ ಬಾಯ್ಲರು ನೀರು ಕಾಯಿಸಿ ಕೋಣೆಕೋಣೆಯ ಗೋಡೆಯ ಕೊಳವೆಗಳಿಗೆ ಕಳಿಸಿದರಷ್ಟೇ ಮನೆಯಲ್ಲಿ ಕೂರಲು ಸಾಧ್ಯ. ಅದು ನಿಂತದ್ದಾದರೂ ಎಂಥ ಹೊತ್ತಿನಲ್ಲಿ! ಹೆಂಡತಿ ಸುಮತಿ ಹೆತ್ತು ಎರಡು ತಿಂಗಳು. ಬಾಣಂತನಕ್ಕೆಂದು ಉಡುಪಿಯಿಂದ ಬಂದಿದ್ದ ಅತ್ತೆಗೆ ನಾನು ಬಿಸಿ ಚಹಾ ಹೀರುತ್ತಾ, "ಅಷ್ಟೇನೂ ಚಳಿಯಿಲ್ಲ ಅತ್ತೆ" ಎಂದುಬಿಟ್ಟೆ. ಎರಡು ಸ್ವೆಟರಿನ ಮೇಲೆ ನನ್ನ ಕೋಟನ್ನೂ ಹಾಕಿಕೊಂಡಿದ್ದ ಅವರು ತೀರ್ಪು ಕೊಟ್ಟರು: "ನಾಡಿದ್ದು ಸಂಜೆಯೊಳಗೆ ಮನೆ ಬೆಚ್ಚಗಾಗದಿದ್ರೆ ಟಿಕೇಟು ಮಾಡಿ. ಮಗಳನ್ನೂ ಕೂಸನ್ನೂ ಕರ್ಕೊಂಡು ಹೋಗ್ತೇನೆ."

ಕೂಸಿನ ಪಾಸ್‌ಪೋರ್ಟು ಹಿಂದಿನ ವಾರವಷ್ಟೇ ಬಂದಿತ್ತು. ಈಗ ಹೋದರೆ ಮುಂದಿನ ನನ್ನ ರಜೆಯ ಹೊತ್ತಿಗೆ ಮಗಳು ನಡೆಯುತ್ತಿರುತ್ತಾಳೆ, ನನ್ನನ್ನು ಕಂಡರೆ ಅಳುತ್ತಾಳೆ. ಚಹಾ ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ.

ಊರಿನ ನಮ್ಮ ಬಚ್ಚಲ ಒಲೆ ಎಷ್ಟು ಸಜ್ಜನ ನೋಡಿ. ಬಗ್ಗಿ ನೋಡಿದರೆ ಉರಿ ಇದೆಯೋ ಇಲ್ಲವೋ ತಿಳಿಯುತ್ತದೆ, ಇಲ್ಲದಿದ್ದರೆ ಊದಿದರಾಯಿತು. ಈ ಪುಣ್ಯಾತ್ಮನ ಮುಖದಲ್ಲೋ ಎಲ್ಲ ಸರಿಯಿದೆ ಎನ್ನುವ ಹಸಿರು ದೀಪ! ಡೀಸೆಲ್ ನೋಡಿದೆ, ತುಂಬಿತ್ತು. ಒತ್ತಡ ನೋಡಿದೆ, ಸರಿಯಿತ್ತು. ಕೊಳವೆಗಳ ಗಾಳಿ ಬಿಡಿಸಿದೆ, ಕೆಂಪು ಗುಂಡಿ ಒತ್ತಿದೆ, ಒಮ್ಮೆ ಕೈಮುಗಿದೂ ನೋಡಿದೆ. ಮೆಕ್ಯಾನಿಕ್‌ಗೆ ಫೋನು ಮಾಡಿದರೆ "ಬುಕ್ರಾ" ಎಂದ, ಅಂದರೆ ನಾಳೆ. ಮರುದಿನ ಕೇಳಿದರೂ ಬುಕ್ರಾ. ಕಾರ್ಖಾನೆಯಲ್ಲಾದರೆ ಗೊಂದಲಪಡಲು ಹತ್ತು ಜನ ಇರುತ್ತಾರೆ. ಇಲ್ಲಿ ಅಷ್ಟೂ ಗೊಂದಲ ನನ್ನೊಬ್ಬನದು.

ನನ್ನ ಎಂಜಿನಿಯರಿಕೆ ಫಲಿಸಿದ್ದು ಒಂದೇ ಕಡೆ. ಇಲ್ಲಿನ ಹವೆಗೆ ಹಿಟ್ಟು ಉಬ್ಬದೆ ಅತ್ತೆಯ ಇಡ್ಲಿ ಕಲ್ಲಾಗುತ್ತಿತ್ತು. ಅವರನ್ನು ಮೆಚ್ಚಿಸಲು ನಾನು ರಟ್ಟಿನ ಪೆಟ್ಟಿಗೆಯೊಂದರಲ್ಲಿ ಹಳೆಯ ಕಾಲದ ಬಲ್ಬು ಉರಿಸಿ, ಬಿಸಿ ಹೆಚ್ಚಾಗದಂತೆ ಮೇಲೆ ತೂತು ಕೊರೆದು, ಹಿಟ್ಟಿನ ಪಾತ್ರೆಯನ್ನು ಅದರೊಳಗಿಟ್ಟು ಹಜಾರದ ಗೋಡೆಗೆ ಒತ್ತಿ ಇಟ್ಟಿದ್ದೆ. ಹಿಟ್ಟು ಉಕ್ಕಿ ಬಂತು. ಹಿಟ್ಟು ತೆಗೆದರೆ ಮೊಸರಿಗೆ ಹೆಪ್ಪು, ಮೊಸರು ತೆಗೆದರೆ ಮತ್ತೆ ಹಿಟ್ಟು, ಹೀಗೆ ಮೂರು ದಿನದಿಂದ ಬಲ್ಬು ಆರಿರಲಿಲ್ಲ.

ಗಡುವಿನ ದಿನ ಮಧ್ಯಾಹ್ನ ಡೀಸೆಲ್ ಮೆತ್ತಿದ ಕೈಯಲ್ಲೇ, ಸೋತು ಒಳಗೆ ಬಂದೆ. ಅತ್ತೆ ಕೂಸನ್ನು ಮಡಿಲಲ್ಲಿಟ್ಟುಕೊಂಡು ಆ ಪೆಟ್ಟಿಗೆಗೆ ತಾಗಿ ಕೂತಿದ್ದರು.

"ಎಂತ ಮಾಡುವುದು, ಈ ಮನೆಯಲ್ಲಿ ಹಿಟ್ಟಿಗಿರುವಷ್ಟು ಬೆಚ್ಚಗೆ ಕೂಸಿಗಿಲ್ಲ" ಎಂದರು.

ಆ ಮಾತಿಗೆ ಅವರ ಮುಖ ನೋಡಲಾಗದೆ ಗೋಡೆ ನೋಡಿದೆ. ಪೆಟ್ಟಿಗೆಯ ನೇರ ಮೇಲೆ ಥರ್ಮೋಸ್ಟಾಟ್! ಮನೆಯ ಬಿಸಿ ಅಳೆದು ಬಾಯ್ಲರಿಗೆ ಉರಿ, ನಿಲ್ಲು ಎಂದು ಹೇಳುವ ಪುಟ್ಟ ಡಬ್ಬಿ. ಇಪ್ಪತ್ತೆಂಟು ಡಿಗ್ರಿ ತೋರಿಸುತ್ತಿತ್ತು. ನನ್ನ ತೂತುಗಳ ಬಿಸಿ ತಾಗಿ, ಮನೆಯೆಲ್ಲ ಸೆಖೆ ಎಂದುಕೊಂಡು, ಬಾಯ್ಲರಿಗೆ ರಜೆ ಕೊಟ್ಟಿತ್ತು. ಚಹಾ ಲೋಟ ಹಿಡಿದು ಚಳಿಯಿಲ್ಲ ಎಂದ ನಾನು ಅದನ್ನು ಯಾವ ಬಾಯಲ್ಲಿ ಬೈಯಲಿ?

ಪೆಟ್ಟಿಗೆಯನ್ನು ಸರಿಸಿದೆ. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಬಾಯ್ಲರು ಗುರ್ ಎಂದಿತು. ಸಂಜೆಗೆ ಅತ್ತೆ ಕೋಟು ಕಳಚಿದರು. ನಡೆದದ್ದನ್ನು ಒಪ್ಪಿಕೊಂಡೆ, ಸುಮತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಬಲ್ಬನ್ನು ಮತ್ತೆ ಉರಿಸುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಬೆಳಿಗ್ಗೆ ಇಡ್ಲಿ ಮತ್ತೆ ಕಲ್ಲು. ಆದರೂ ಐದು ತಿಂದೆ. "ಅತ್ತೆ, ಟಿಕೇಟು?" ಎಂದು ಮೆಲ್ಲಗೆ ಕೇಳಿದೆ.

"ಎಂತ ಟಿಕೇಟು? ಕೈ ತೊಳ್ಕೊಂಡು ಬಂದು ನಿಮ್ಮ ಮಗಳನ್ನು ಹಿಡೀರಿ, ನನಗೆ ಇನ್ನೊಂದು ಒಬ್ಬೆ ಇಡ್ಲಿ ಬೇಯಿಸ್ಲಿಕ್ಕುಂಟು."

ಹಿಡಿದೆ. ಪುಟ್ಟ ಕಾಲು ಮುಟ್ಟಿ ನೋಡಿದೆ, ಬೆಚ್ಚಗಿತ್ತು.