ಮನೆಗೆ ಬಂದು ಕರೆಯಬೇಕು

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಭದ್ರಾವತಿಯ ಕಾರ್ಖಾನೆ ಕ್ಯಾಂಟೀನಿನ ಒಲೆಗಳ ಮುಂದೆ ವರ್ಷಾನುಗಟ್ಟಲೆ ನಿಂತು, ಚರ್ಮ ಬದನೆಕಾಯಿಯ ಸಿಪ್ಪೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಕ್ವಾರ್ಟರ್ಸಿನ ಮಕ್ಕಳಾದ ನಮಗೆಲ್ಲ ಅವರು ಕ್ಯಾಂಟೀನ್ ಮಾವ. ಅಪ್ಪನಿಗೆ ಕೆಲಸವಿಲ್ಲದ ದಿನಗಳಲ್ಲಿ ನಾನು ಕ್ಯಾಂಟೀನಿನ ಹಿಂಬಾಗಿಲಿಗೆ ಹೋದರೆ, ಆ ಕೈ ಬಿಸಿ ಉಪ್ಪಿಟ್ಟು ಹಿಡಿದು ಹೊರಗೆ ಬರುತ್ತಿತ್ತು. "ಹಸಿದೋರ ಹತ್ರ ಯಾರ ಮಕ್ಕಳು ಅಂತ ಕೇಳ್ಬಾರ್ದು" ಎನ್ನುತ್ತಿದ್ದರು. ಕೇಳದೆಯೇ ಅವರಿಗೆ ಎಲ್ಲ ಗೊತ್ತಿರುತ್ತಿತ್ತು ಎನ್ನುವುದು ಬೇರೆ ಮಾತು.

ಎಷ್ಟೋ ವರ್ಷಗಳ ಮೇಲೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರ ಗುರುತು ಸಿಕ್ಕಿದ್ದೂ ಆ ಕೈಯಿಂದಲೇ. ಮುಖವೆಲ್ಲ ಗಡ್ಡ, ತಲೆಯಡಿಗೆ ಒಂದು ಚೀಲ. ಕಾರ್ಖಾನೆ ಮುಚ್ಚಿದ ಮೇಲೆ ಕ್ವಾರ್ಟರ್ಸ್ ಬಿಟ್ಟಿದ್ದರು. ಅವರ ಹೆಂಡತಿ, ನಮ್ಮ ಅತ್ತೆ, ಕಾಯಿಲೆ ಬಿದ್ದು ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮನ ಮನೆಯಲ್ಲಿ ಕೆಲವು ತಿಂಗಳು ಇದ್ದು, ಅಲ್ಲಿ ಅನ್ನಕ್ಕಿಂತ ಮಾತು ಹೆಚ್ಚಾದಾಗ ಎದ್ದು ಬಂದಿದ್ದರು. "ಬೆಂಚಿಗೆ ಬಾಡಿಗೆ ಇಲ್ಲ ಮಾರಾಯ್ತಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಸುಮ್ಮನಿರುವ ಪೈಕಿಯಲ್ಲ. ಹೊಸಮನೆ ಬಡಾವಣೆಯಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ. ಬ್ಲೌಸ್ ಹೊಲಿಸಲು ಬಂದವರನ್ನೆಲ್ಲ ಪೀಡಿಸಿದೆ. ಎದುರಿನ ಹಿಟ್ಟಿನ ಗಿರಣಿಯವರು ಪಕ್ಕದ ಖಾಲಿ ಕೋಣೆ ಬಿಟ್ಟುಕೊಟ್ಟರು. ಮಹಿಳಾ ಸಂಘದವರು ಸ್ಟೌ ತಂದರು, ಆಟೋದವರೊಬ್ಬರು ಮಂಚ ಹೊತ್ತು ತಂದರು. ಎಲ್ಲರೂ ಸೇರಿ ಹಾಲು ಉಕ್ಕಿಸಿದೆವು. ಯಾರೂ ಕೈ ಬಿಗಿ ಹಿಡಿಯಲಿಲ್ಲ, ಅದನ್ನು ಹೇಳಲೇಬೇಕು. ಮಾವ ಗಡ್ಡ ಬೋಳಿಸಿ, ಬೀದಿಯ ನಾಮಕರಣ, ನಿಶ್ಚಿತಾರ್ಥಗಳಿಗೆ ಅಡುಗೆ ಮಾಡತೊಡಗಿದರು. ಒಬ್ಬರ ಬದುಕು ಕಟ್ಟಿಕೊಟ್ಟೆವೆಂದು ಬೀದಿಗೆ ಬೀದಿಯೇ ಬೀಗಿತು.

ಮಾವನಿಗೆ ಬೇಕಾಗಿದ್ದುದು ಇನ್ನೂ ಒಂದಿತ್ತು. ಎಲ್ಲಿಂದಲೋ ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಒರೆಸಿಟ್ಟರು. ಗೂಡಿನಲ್ಲಿ ಕುಂಕುಮದ ಭರಣಿ, ಡಬ್ಬಿಯಲ್ಲಿ ಸಕ್ಕರೆ. ಇದೆಲ್ಲ ಯಾರಿಗೆ ಎಂದು ರೇಗಿಸಿದೆ.

"ಮದುವೆ ಕಾಲ ಬಂತಲ್ಲ. ಕರೆಯೋಕೆ ಬಂದೋರನ್ನ ನಿಲ್ಲಿಸಿ ಮಾತಾಡ್ಸೋಕಾಗುತ್ತಾ? ಬಸ್ ಸ್ಟ್ಯಾಂಡಲ್ಲಿ ಇರೋನನ್ನ ಯಾರೂ ಮನೆಗೆ ಬಂದು ಕರೆಯೋಕಾಗಲ್ಲ. ಈಗ ನಂಗೂ ಬಾಗಿಲಿದೆ."

ಗಿರಣಿಯವರ ಮಗಳ ಮದುವೆ ಬಂತು. ಗಂಡ ಹೆಂಡತಿ ಪತ್ರಿಕೆ, ಅಕ್ಷತೆಯ ತಟ್ಟೆ ಹಿಡಿದು ಮನೆಮನೆ ಹತ್ತಿ ಇಳಿದರು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಒಳಗೆ ಕಾಯುತ್ತಿದ್ದುದು ನನ್ನ ಮೆಷಿನ್ನಿನ ಮುಂದಿಂದ ಕಾಣುತ್ತಿತ್ತು. ಪಕ್ಕದ ಮನೆಯಿಂದ ಇಳಿದವರು ಈ ಬಾಗಿಲು ದಾಟಿ ಮುಂದೆ ಹೋದರು. ಹೋಗುತ್ತಾ ಆಕೆ ಅಕ್ಕರೆಯಿಂದಲೇ ಕೂಗಿದರು: "ಮಾವ, ನೀವು ತೊಂದ್ರೆ ತಗೋಬೇಡಿ, ಊಟ ಕೋಣೆಗೇ ಕಳಿಸ್ತೀವಿ!"

"ಆಯ್ತಮ್ಮ" ಎಂದರು.

ಮದುವೆಯ ದಿನ ಬಂದ ಟಿಫಿನ್ ಕ್ಯಾರಿಯರನ್ನು ಅವರು ಬಿಚ್ಚಲೇ ಇಲ್ಲ. ನಾನು ಗದರಿದ್ದಕ್ಕೆ ಹೇಳಿದರು: "ಬಸ್ ಸ್ಟ್ಯಾಂಡಲ್ಲೂ ಜನ ಊಟ ಕೊಡ್ತಿದ್ರು ಮಗಳೇ. ಊಟಕ್ಕೆ ಯಾವತ್ತೂ ಬರ ಇರ್ಲಿಲ್ಲ."

ನನ್ನ ತಂಗಿಯ ಮದುವೆ ಗೊತ್ತಾದಾಗ ಅಮ್ಮನನ್ನು ಎಬ್ಬಿಸಿಕೊಂಡು ಮಾವನನ್ನು ಕರೆಯಲು ಹೊರಟೆ. "ಅವ್ರು ಹೇಗೂ ಬರ್ತಾರಲ್ಲೇ" ಎಂದು ಅಮ್ಮ ಗೊಣಗಿದಳು. ಮಾವ ಕುರ್ಚಿಗಳಲ್ಲಿ ಕೂರಿಸಿ ಸಕ್ಕರೆ ಕೊಟ್ಟರು, ಪತ್ರಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಮ್ಮ ರೂಢಿಯ ಮೇಲೆ ಅಂದುಬಿಟ್ಟಳು: "ಮನೆಯೋರೆಲ್ಲ ಬರ್ಬೇಕಣ್ಣ."

ಅಂದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಮಾವ ಮಾತ್ರ ಆ ಖಾಲಿ ಕೋಣೆಯನ್ನು ಒಮ್ಮೆ ನೋಡಿ, "ಎಲ್ರೂ ಬರ್ತೀವಮ್ಮ" ಎಂದರು.

ಬಂದರು. ಮೊದಲ ಪಂಕ್ತಿಯಲ್ಲಿ, ಗಂಡಿನ ಕಡೆಯವರ ಪಕ್ಕದಲ್ಲಿ ಕೂತರು. ಅನ್ನ ಕಲಸಿ ಎರಡು ತುತ್ತು ತಿಂದಿದ್ದರೋ ಇಲ್ಲವೋ, ಬಡಿಸುವವರು ಸಾಲದೆ ಗದ್ದಲವೆದ್ದಿತು. ಬೀದಿಯ ಹೆಂಗಸೊಬ್ಬಳು ಸಲಿಗೆಯಿಂದ, "ಮಾವ, ನೀವೂ ಕೂತ್ಬಿಟ್ರೆ ಹೇಗೆ ಮಾರಾಯ್ರೆ? ಏಳಿ, ಒಂದು ಕೈ ಹಾಕಿ" ಎಂದಳು. ಉಣ್ಣುವವರನ್ನು ಎಲೆಯಿಂದ ಎಬ್ಬಿಸಬಾರದು ಎನ್ನುವುದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಗೊತ್ತು. ಅವಳಿಗೂ ಗೊತ್ತಿತ್ತು, ಮಾವನೂ ಉಣ್ಣಲು ಬಂದವರು ಎನ್ನುವುದು ಮಾತ್ರ ಹೊಳೆಯಲಿಲ್ಲ. ನಾನು ಆ ತುದಿಯಿಂದ ಓಡಿ ಬರುವಷ್ಟರಲ್ಲಿ ಎಲೆ ಮಡಚಿ ಸಾರಿನ ಬಕೆಟ್ ಹಿಡಿದಾಗಿತ್ತು.

"ಬಿಡು, ಕೈಗೆ ರೂಢಿ" ಎಂದರು. ಆ ಹೆಂಗಸಿಗೆ ನಾಲ್ಕು ಜನರ ಎದುರೇ ಬೈದೆ. ಬೈದು ಏನು ಬಂತು?

ಆಮೇಲೆ ಕುರ್ಚಿಗಳು ಮೂಲೆ ಸೇರಿದವು. ಬೆಳಗಾದರೆ ಕೋಣೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿಗೆ ಹೋಗಿ ಅದೇ ಬೆಂಚಿನಲ್ಲಿ ಕೂರತೊಡಗಿದರು. ಯಾಕೆ ಮಾವ ಎಂದರೆ, "ಅಲ್ಲಿ ಯಾರೂ ಯಾರನ್ನೂ ಕರೆಯಲ್ಲ. ಬೇಜಾರಿಲ್ಲ" ಎಂದರು. ಗಿರಣಿಯವರಿಗೆ ಸಿಟ್ಟು ಬಂತು: "ಇಷ್ಟೆಲ್ಲ ಮಾಡಿದ್ರೂ ಬುದ್ಧಿ ಬೀದಿಗೇ ಎಳೀತದೆ." ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಆ ಬೆಂಚಿನ ಮೇಲೆಯೇ ಮಾವ ಹೋದರು. ಜೇಬಿನಲ್ಲಿ ಕೋಣೆಯ ಬೀಗದಕೈ ಇತ್ತು.

ಸಾವಿಗೆ ಯಾರನ್ನೂ ಕರೆಯುವುದಿಲ್ಲ, ಕೇಳಿದವರು ಬರುತ್ತಾರೆ. ಬೀದಿಯೆಲ್ಲ ಬಂತು; ಸುದ್ದಿ ಮುಟ್ಟಿಸಿದರೂ ಅವರ ತಮ್ಮ ಮಾತ್ರ ಬರಲಿಲ್ಲ. ಗಿರಣಿ ನಿಂತಿತು. ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲದೆ ಜನ ಹೊಸ್ತಿಲಾಚೆ ನಿಂತು ಅತ್ತರು. ಆ ಅಳು ಸುಳ್ಳಲ್ಲ. ಹೂವು, ವಿಭೂತಿ, ಗಾಡಿ, ಯಾವುದಕ್ಕೂ ಕೊರತೆಯಾಗಲಿಲ್ಲ.

ಗುಂಡಿಗೆ ಇಳಿಸಿದ ಮೇಲೆ, ಸಂಸ್ಕಾರ ಮಾಡಿಸಲು ಬಂದಿದ್ದ ಸ್ವಾಮಿಗಳು ಕೇಳಿದರು: "ಮೊದಲು ಮನೆಯೋರು ಮಣ್ಣು ಹಾಕಿ. ಮನೆಯೋರು ಯಾರು?"

ಗಿರಣಿಯವರು ಸಂಘದವರನ್ನು ನೋಡಿದರು. ಸಂಘದವರು ಆಟೋದವರನ್ನು ನೋಡಿದರು. ಸ್ವಾಮಿಗಳು ಮತ್ತೆ ಕೇಳಿದರು. ನಾನು ಬಗ್ಗಿ ಮಣ್ಣು ತೆಗೆದುಕೊಂಡೆ. "ನಾವೇನಾಗ್ಬೇಕೇ ಅವ್ರಿಗೆ?" ಎಂದು ಅಮ್ಮ ಸೆರಗು ಜಗ್ಗಿದಳು. ನಾನು ಹಾಕಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಹಾಕಿದರು. ಅಷ್ಟು ಜನ ಮನೆಯವರಾದದ್ದನ್ನು ನೋಡಲು ಅವರಿರಲಿಲ್ಲ.