ಬಾಲ ಮುಂದಾಗಿ ಬಂದ ಬಳುವಳಿ

ನಮ್ಮ ಮನೆಯ ಆರತಿಯ ಹರಿವಾಣ ಎಲ್ಲಿಟ್ಟರೂ ಸಮನಾಗಿ ಕೂರುವುದಿಲ್ಲ. ಅಂಚಿನಿಂದ ತಳದವರೆಗೆ ಒಂದು ಕಡೆ ಒಳಕ್ಕೆ ನೆಗ್ಗಿಹೋಗಿದೆ. ಮಣೆಯ ಮೇಲಿಟ್ಟರೆ ಟಕಟಕ ಎನ್ನುತ್ತದೆ. ಮನೆಗೆ ಬಂದ ನೆಂಟರಿಷ್ಟರೆಲ್ಲ ಅದನ್ನು ಕಂಡು ಕನಿಕರಪಟ್ಟು, ಕಂಚುಗಾರನ ಕೈಗೆ ಕೊಟ್ಟರೆ ಎರಡೇಟಿಗೆ ಸರಿಮಾಡುತ್ತಾನೆ ಎಂದು ಬುದ್ಧಿ ಹೇಳುತ್ತಾರೆ. ಅದು ನಾನು ಗೆದ್ದ ಬಿರುದು, ಕುಟ್ಟಿಸಲು ಕೊಡುವುದಿಲ್ಲ ಎನ್ನುತ್ತೇನೆ. ಮುದುಕಿಗೆ ಅರಳುಮರಳು ಎಂದು ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ನೀವು ಹಾಗೆ ನೋಡುವವರಲ್ಲ ಎಂಬ ಭರವಸೆಯಿಂದ ಹೇಳುತ್ತೇನೆ, ಕೇಳಿ.

ನಮ್ಮ ಕಡೆ ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಮರಳಿದ ಮಗಳ ಹಿಂದೆ ತವರಿನಿಂದ ಹಾಲು ಕರೆಯುವ ಹಸುವೊಂದು ಬರಬೇಕು. ನನ್ನ ತವರು ಕಡೂರು ತಾಲ್ಲೂಕಿನ ದೇವನೂರು, ಸೇರಿದ ಮನೆ ಅಜ್ಜಂಪುರ. ಮಗಳ ಅಣ್ಣನೇ ಹಗ್ಗ ಹಿಡಿದು ಹಸುವನ್ನು ನಡೆಸಿಕೊಂಡು ಬರುವುದು ವಾಡಿಕೆ. ಆದರೆ ಆ ವರ್ಷ ದಾರಿಯ ಊರುಗಳಲ್ಲೆಲ್ಲ ದನಗಳಿಗೆ ಕಾಲುಬಾಯಿ ಜ್ವರ ಬಂದಿತ್ತು. ನಮ್ಮಪ್ಪ ಹಠವಾದಿ, ಹಸು ನಡೆಯಲಾರದಿದ್ದರೆ ರೈಲಿನಲ್ಲಿ ಹೋಗಲಿ ಎಂದು ಕಡೂರಿನ ಸ್ಟೇಷನ್ನಿನಲ್ಲಿ ಹಸುವನ್ನೂ ಕರುವನ್ನೂ ನನ್ನಣ್ಣನನ್ನೂ ಗೂಡ್ಸ್ ಡಬ್ಬಿಗೆ ಹತ್ತಿಸಿಯೇಬಿಟ್ಟರು.

ಅಷ್ಟು ಹೊಸಬರಾಗಿದ್ದ ಅಪ್ಪ ಒಂದು ಕಡೆ ಮಾತ್ರ ಹಳಬರಾಗಿ ಉಳಿದರು. ತವರ ಹಸು ಹೊರಡುವಾಗ ಮೂಡಲಿಗೆ ಮುಖ ಮಾಡಿರಬೇಕು ಎಂಬುದು ನಮ್ಮ ಪದ್ಧತಿ. ಕಾಲ್ನಡಿಗೆಯ ಕಾಲಕ್ಕೆ ಅದರಿಂದ ತೊಂದರೆಯಿರಲಿಲ್ಲ. ಕೊಟ್ಟಿಗೆಯಿಂದ ನಾಲ್ಕು ಹೆಜ್ಜೆ ಮೂಡಲಿಗೆ ನಡೆಸಿ ಆಮೇಲೆ ಬೇಕಾದ ದಾರಿ ಹಿಡಿದರಾಯಿತು. ಅಪ್ಪನಾದರೋ ರೈಲಿನ ಡಬ್ಬಿಯನ್ನೂ ಕೊಟ್ಟಿಗೆ ಎಂದೇ ಭಾವಿಸಿ, ಪಡುವಣ ಬಾಗಿಲಿನಿಂದ ಹತ್ತಿಸಿದ ಹಸುವನ್ನು ಮೂಡಲಿಗೆ ಮುಖ ಮಾಡಿ ನಿಲ್ಲಿಸಿ, ಅಲುಗಾಡದಂತೆ ಎರಡು ಪಕ್ಕಕ್ಕೂ ಬೊಂಬು ಬಿಗಿಸಿ, ದೇವರಿಗೆ ಕೈಮುಗಿದು ಕಳಿಸಿದರು. ಇಳಿಯುವ ಊರಿನಲ್ಲಿ ಬಾಗಿಲು ಯಾವ ಕಡೆ ತೆರೆಯುತ್ತದೆಂದು ಯಾರೂ ಕೇಳಲಿಲ್ಲ.

ಯಜಮಾನರು ವ್ಯವಹಾರದ ಮೇಲೆ ತರೀಕೆರೆಗೆ ಹೋಗಿದ್ದರು. ಅತ್ತೆಯೂ ನಾನೂ ಅರಿಸಿನ ಸುಣ್ಣ ಕದಡಿದ ಕೆಂಪು ನೀರನ್ನು ಹರಿವಾಣದಲ್ಲಿ ಹಿಡಿದು ಸ್ಟೇಷನ್ನಿನಲ್ಲಿ ನಿಂತಿದ್ದೆವು. ಕಂಕುಳಲ್ಲಿ ಮಗು. ಹೇಳಲು ನಾಚಿಕೆಯೇನು, ನನ್ನ ಎದೆಯಲ್ಲಿ ಹಾಲು ಬತ್ತುತ್ತ ಬಂದಿತ್ತು. ಹಸಿದ ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ರೈಲು ಬಂದು ನಿಂತಿತು, ಡಬ್ಬಿಯ ಬಾಗಿಲು ಸರಿಯಿತು, ಅಜ್ಜಂಪುರದ ಜನಕ್ಕೆಲ್ಲ ನನ್ನ ತವರಿನ ಹಸುವಿನ ಬಾಲದ ದರ್ಶನವಾಯಿತು. ಅದು ಪಡುವಣ ಬಾಗಿಲೇ ಆಗಿತ್ತು.

ಅತ್ತೆ ಹಿಂದಕ್ಕೆ ಸರಿದರು. "ಅಯ್ಯೋ ಶಿವನೇ, ಬಾಲ ಮುಂದ್ಮಾಡ್ಕೊಂಡು ಊರೊಳಕ್ಕೆ ಬಂದ ಹಸು ಮನೆ ತೊಳೆದ್ಬಿಡುತ್ತೆ ಕಣೇ! ಇಳಿಸ್ಬ್ಯಾಡ್ರಪ್ಪ, ಬಂದಂಗೇ ವಾಪಸ್ ಕಳಿಸ್ರಿ."

ತಿರುಗಿಸೋಣವೆಂದರೆ ಡಬ್ಬಿಯಲ್ಲಿ ಜಾಗವಿಲ್ಲ. ಮೇಲಾಗಿ ಅದು ಎಮ್ಮೆದೊಡ್ಡಿ ಹುಲ್ಲುಗಾವಲಿನ ಕಡೆಯ ತಳಿ. ಕೊಂಬು ಚೂಪು, ಸಿಟ್ಟು ಅದಕ್ಕಿಂತ ಚೂಪು. ಅಣ್ಣ ಕರುವನ್ನು ತಬ್ಬಿಕೊಂಡು ಹೊಟ್ಟಿನಲ್ಲಿ ಮುಳುಗಿದ ಮುಖವನ್ನು ಹೊರಗೆ ಹಾಕಿ, "ಅಪ್ಪ ಹೇಳ್ದಂಗೇ ಕಟ್ಟಿದ್ನಲ್ಲವ್ವ" ಎಂದು ಅಳುವಂತಾದ. ಬಿಳಿಯ ಪಂಚೆ ಕರಿಯ ಕೋಟಿನ ಸ್ಟೇಷನ್ ಮಾಸ್ತರರು ಗಡಿಯಾರ ನೋಡಿದರು. "ಬೇಗ ಏನಾದ್ರೂ ಒಂದು ಹೇಳ್ರಮ್ಮ. ಇಳಿಸ್ಕೊಳ್ದಿದ್ರೆ ಗಾಡಿ ಹರಿಹರಕ್ಕೆ ಹೋಗುತ್ತೆ, ಹಸೂನೂ ಹೋಗುತ್ತೆ. ನಿಮ್ ಶಾಸ್ತ್ರಕ್ಕೆ ಇಂಜಿನ್ ಕಾಯಲ್ಲ."

ಹಸು ಹೋದರೆ ಕೂಸಿನ ಹಾಲು ಹೋಗುತ್ತಿತ್ತು, ತವರಿನ ಮಾನವೂ ಹೋಗುತ್ತಿತ್ತು. ಮದುವೆಯಾದಂದಿನಿಂದ ಅತ್ತೆಯೆದುರು ತುಟಿ ಬಿಚ್ಚದಿದ್ದ ನನಗೆ ಆಗ ಸಿಟ್ಟು ಬಂತು, ನೋಡಿ, ಎಲ್ಲಿತ್ತೋ ಅಷ್ಟು ಸಿಟ್ಟು! ನನ್ನನ್ನೂ ಹೀಗೇ ಅಲ್ಲವೆ ಕಳಿಸಿದ್ದು ಎಂದುಕೊಂಡೆ. ಯಾರೋ ನೋಡಿದ ದಿಕ್ಕಿಗೆ ಮುಖ ಮಾಡಿಸಿ, ಎರಡು ಪಕ್ಕಕ್ಕೂ ಬೊಂಬು ಬಿಗಿಸಿ, ಬಂದು ನಿಂತ ಮೇಲೆ ಮುಖ ಸರಿಯಾಗಿಲ್ಲವೆಂದು ನನ್ನನ್ನೇ ಅಂದರೆ ಸಹಿಸಿಕೊಳ್ಳಬೇಕೆ? ನಾನೇನೋ ಸಹಿಸಿದ್ದೆ. ಆ ಹಸುವಿನ ಪಾಲಿಗೆ ಸಹಿಸಲಾರದೆ ಹೋದೆ.

"ಅತ್ತೆಮ್ಮ, ಹಬ್ಬದ ದಿನ ಹಸೀಗೆ ಅರಿಸಿನ ಕುಂಕುಮ ಎಲ್ಲಿಗಿಡ್ತೀರಿ? ಬಾಲದ ಬುಡಕ್ಕೆ ತಾನೆ? ಲಕ್ಷ್ಮಿ ಇರೋದು ಅಲ್ಲೇ ಅಂತ ಹೇಳ್ಕೊಟ್ಟೋರು ನೀವೇ. ಇವತ್ತು ಲಕ್ಷ್ಮೀನೇ ಮುಂದಾಗಿ ಬಂದವ್ಳೆ. ವಾಪಸ್ ಕಳಿಸೋಕೆ ನೀವ್ಯಾರು, ನಾನ್ಯಾರು?"

ಕೂಸನ್ನು ಅತ್ತೆಯ ತೋಳಿಗೆ ಹಾಕಿದೆ. ತೋಳು ತುಂಬಿದ ಮೇಲೆ ಅಡ್ಡ ಬರುವುದಾದರೂ ಹೇಗೆ? ಹರಿವಾಣ ಹಿಡಿದು ಬಾಲದ ಮುಂದೆ ನಿಂತು ಒಂದು ಸುತ್ತು ಆರತಿ ಎತ್ತಿದೆ. ಎರಡನೆಯದಕ್ಕೆ ಲಕ್ಷ್ಮಿ ಝಾಡಿಸಿ ಒದ್ದಳು. ಹರಿವಾಣ ಹಾರಿ ಕಲ್ಲಿನ ಮೇಲೆ ಬಿತ್ತು, ಕೆಂಪು ನೀರೆಲ್ಲ ಮಾಸ್ತರರ ಬಿಳಿಯ ಪಂಚೆಗೆ ಪ್ರೋಕ್ಷಣೆಯಾಯಿತು. ಅಪಶಕುನ ಎಂದು ಯಾರೋ ಗೊಣಗಿದರು. ದೃಷ್ಟಿ ಕಳೆಯಿತು ಎಂದು ನಾನು ಗಟ್ಟಿಯಾಗಿ ಹೇಳಿದೆ.

ಹಲಗೆ ಇಟ್ಟರೂ ಹಸು ಹಿಂದಕ್ಕೆ ಕಾಲಿಡಲೊಲ್ಲದು. ಅಣ್ಣನ ಕೈಯಿಂದ ಕರುವನ್ನು ಇಳಿಸಿಕೊಂಡು ಹಲಗೆಯ ಬುಡದಲ್ಲಿ ತಬ್ಬಿ ಕೂತೆ. ಅದು ಅಂಬಾ ಎಂದಿತು. ಮೇಲಿನಿಂದ ತಾಯಿ ಓಗೊಟ್ಟಳು. ಆಮೇಲೆ ಯಾರೂ ಎಳೆಯಬೇಕಾಗಲಿಲ್ಲ, ತಳ್ಳಬೇಕಾಗಲಿಲ್ಲ. ಕಾಣದ ನೆಲದ ಕಡೆಗೆ, ಕರುವಿನ ದನಿಯೊಂದನ್ನೇ ನಂಬಿ, ನಡುಗುವ ಹಿಂಗಾಲುಗಳನ್ನು ಒಂದೊಂದಾಗಿ ಊರುತ್ತ ಆಕೆ ಇಳಿದು ಬಂದಳು. ನನಗೆ ಅಳು ತಡೆಯಲಾಗಲಿಲ್ಲ. ಆ ಸಂಜೆ ನನ್ನ ಕೂಸು ಹೊಟ್ಟೆ ತುಂಬ ಹಾಲು ಕುಡಿದು ಮಲಗಿತು.

ಅತ್ತೆ ಬಹಳ ಕಾಲ ಆ ಹಸುವಿನ ಹಾಲು ಮುಟ್ಟಲಿಲ್ಲ. ಮನೆಯನ್ನು ಯಾರೂ ತೊಳೆಯಲಿಲ್ಲ, ದಿನಾ ಸಾರಿಸಿದ್ದಂತೂ ಅದರ ಸಗಣಿಯಿಂದಲೇ. ಒಂದು ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ಬಂದು ಕೂತ ಅತ್ತೆ ಗೋಡೆ ನೋಡುತ್ತ, "ಆ ಹಿಂದ್ಮುಂದಾದ ಹಸೀಂದು ಒಂದ್ ಲೋಟ ಮಜ್ಜಿಗೆ ಕೊಡೇ" ಎಂದರು. ಕೊಟ್ಟೆ. ಇನ್ನೊಂದು ಲೋಟ ಕೇಳಿದರು.

ಈಗ ಕಾಗದಗಳು ವಿಮಾನದಲ್ಲಿ ಬರುತ್ತವಂತೆ. ಮುಂದೆ ಕುದುರೆ, ಹಸುಗಳನ್ನೂ ಹಾರಿಸಿ ಕಳಿಸುತ್ತಾರೆಂದು ನನ್ನ ಕಿರಿಯ ಮಗ ಹೇಳುತ್ತಾನೆ. ಕಳಿಸಲಿ. ಆಕಾಶದಲ್ಲಿ ಮೂಡಲು ಯಾವುದು ಪಡುವಲು ಯಾವುದು ಎಂದು ಹುಡುಕಿ ಕಟ್ಟುವ ಅಪ್ಪಂದಿರೂ ಆಗ ಇರುತ್ತಾರೆ, ಅನುಮಾನ ಬೇಡ. ಕಳಿಸುವ ಸಲಕರಣೆಯನ್ನು ಲೋಕ ಎಷ್ಟೊಂದು ತಿದ್ದಿಕೊಂಡಿದೆ! ಬರಮಾಡಿಕೊಳ್ಳುವುದನ್ನು ಮಾತ್ರ ತಿದ್ದಿಕೊಂಡಿಲ್ಲ. ಉಗಿಬಂಡಿಯಿಂದ ಇಳಿಯಲಿ, ಮುಗಿಲಿನಿಂದ ಇಳಿಯಲಿ, ದಣಿದು ಬಾಯಾರಿ ಬಂದ ಜೀವದ ಕಾಲು ಯಾವುದು, ಮುಖ ಯಾವ ಕಡೆ ಎಂದು ನೋಡುವ ಕಣ್ಣುಗಳೇ ಬಾಗಿಲಲ್ಲಿ ಹೆಚ್ಚು.

ನಾಳೆ ಆ ಕಿರಿಯ ಮಗನ ಹೆಂಡತಿ ರೈಲಿನಲ್ಲಿ ಬಂದು ಇಳಿಯುತ್ತಾಳೆ, ಅದೇ ಸ್ಟೇಷನ್ನಿನಲ್ಲಿ. ಬಲಗಾಲನ್ನೇ ಮೊದಲಿಡಿಸಬೇಕೆಂದು ನೆಂಟರು ಬೆಳಗಿನಿಂದ ನನಗೆ ನೆನಪಿಸುತ್ತಿದ್ದಾರೆ. ಎಡಗಾಲನ್ನಾದರೂ ಇಡಲಿ, ಬೆನ್ನು ತಿರುಗಿಸಿಯಾದರೂ ಇಳಿಯಲಿ, ನಾನಿದ್ದೇನೆ. ಹರಿವಾಣಕ್ಕೆ ಹುಣಿಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದೇನೆ, ಹೊಳೆಯುತ್ತಿದೆ. ಬಂದವರಿಗೆ ಕಾಣದಂತೆ ನೆಗ್ಗಿದ ಕಡೆಯನ್ನು ನನ್ನ ಹೊಟ್ಟೆಯ ಕಡೆಗೆ ತಿರುಗಿಸಿ ಹಿಡಿಯಬೇಕಂತೆ. ಅವಳ ಕಡೆಗೇ ತಿರುಗಿಸಿ ಹಿಡಿಯುತ್ತೇನೆ.